ತಿರುಮಲಾಂಬ ಅವರ ಬದುಕನ್ನು ಹಿಂದುಮುಂದಾಗಿ ಬರೆದೆ

ಕಾದಂಬರಿ ಬರೆದು, ಪತ್ರಿಕೆಯನ್ನೂ ನಡೆಸಿದ ನಂಜನಗೂಡು ತಿರುಮಲಾಂಬ ಅವರ ಜೀವನಚರಿತ್ರೆ ಮೂರನೇ ಕರಡಿಗೆ ಕೈಗೆ ಹತ್ತಿತು. "ಸಾವಿನಿಂದ ಶುರು ಮಾಡಿ ಹುಟ್ಟಿಗೆ ಬರ್ತೀಯಾ? ಯಾರು ಓದ್ತಾರೆ?" ಅಂದಿದ್ದ ಗೆಳೆಯರೇ ಈಗ ಎರಡೆರಡು ಪ್ರತಿ ಕೇಳುತ್ತಿದ್ದಾರೆ. ಪುಕ್ಕಟೆಯಾಗಿ, ಬಿಡಿ.

ಮೊದಲ ಕರಡು ಎಲ್ಲರ ಹಾಗೆ ಅವರು ಹುಟ್ಟಿದ 1887ರಿಂದಲೇ ಶುರುವಾಗಿತ್ತು. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆ. ಅಲ್ಲಿಂದ ಮುಂದೆ ಸುಮಾರು ಇನ್ನೂರು ಪುಟ ಬರೀ ಕಣ್ಣೀರು. ಪತ್ರಿಕೆ ನಡೆಸಿದ ಹೆಂಗಸು ಅದರಲ್ಲಿ ಮುಳುಗಿಯೇ ಹೋದರು. ಎರಡನೇ ಸಲ ಕಾದಂಬರಿಗಳಲ್ಲಿ ಬದುಕನ್ನು ಹುಡುಕಲು ಹೋದೆ. ಅದು ಇನ್ನೂ ದೊಡ್ಡ ತಪ್ಪು. ‘ಸುಶೀಲೆ’ಯ ನಾಯಕಿಗೂ ಬರೆದವರಿಗೂ ಗಂಟು ಹಾಕುತ್ತಾ ಆರು ತಿಂಗಳು ದಂಡ ಮಾಡಿದೆ.

ಆಮೇಲೆ ಅವರು ತೀರಿಕೊಂಡ 1982ರಿಂದ ಹಿಂದಕ್ಕೆ ನಡೆದೆ. ತೊಂಬತ್ತೈದರ ಅಜ್ಜಿ, ಬರವಣಿಗೆ ನಿಂತು ದಶಕಗಳಾಗಿವೆ. ಯಾಕೆ ನಿಂತಿತು? ಈ ಪ್ರಶ್ನೆಯೇ ಓದುಗರನ್ನು ಎಳೆದುಕೊಂಡು ಹೋಗುತ್ತದೆ. ಮುಂದಿನ ಪುಟಗಳಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿ ಸಿಗುತ್ತಾರೆ. ಅದಕ್ಕೂ ಹಿಂದೆ, 1913ರಲ್ಲಿ, ‘ಸತಿಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದ ಇಪ್ಪತ್ತಾರರ ಹೆಣ್ಣು. ಕೊನೆಗೆ ಆ ಹದಿನಾಲ್ಕರ ಹುಡುಗಿ, ವಕೀಲ ಅಪ್ಪನ ಮನೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಾಳೆ. ಅವಳು ಮುಂದೇನು ಮಾಡುತ್ತಾಳೆಂದು ಓದುಗರಿಗೆ ಆಗಲೇ ಗೊತ್ತು. ಅಯ್ಯೋ ಪಾಪ ಅನ್ನಲು ಬಾಯಿ ಬರುವುದಿಲ್ಲ.

ಗ್ರಂಥಮಾಲೆಯ ಹೆಸರಲ್ಲೇ ‘ಸತಿ’ ಇದೆ, ಸ್ತ್ರೀವಾದಿ ಹೇಗಾಗ್ತಾರೆ ಅಂತ ಒಬ್ಬರು ಕೆಣಕಿದರು. ಹೆಸರು ಹಾಗಿರಲಿ, ಬರೆದವರೂ ಅಚ್ಚು ಹಾಕಿಸಿದವರೂ ಅವರೇ ಅಲ್ವಾ?

ಇದೇ ಹುಮ್ಮಸ್ಸಲ್ಲಿ ಕಥೆಗಾರ್ತಿ ಕೊಡಗಿನ ಗೌರಮ್ಮನವರಿಗೂ ಈ ದಾರಿ ಹಿಡಿದು ನೋಡಿದೆ. ಸೋತೆ. 1939ರಲ್ಲಿ, ಇಪ್ಪತ್ತೇಳಕ್ಕೇ, ನೀರಿನಲ್ಲಿ ಮುಳುಗಿ ಹೋದವರು. ಮೊದಲ ಪುಟಕ್ಕೇ ಆ ಸಾವು ಬಂದರೆ ಮುಂದಿನ ಕಥೆಗಳೆಲ್ಲ ಅದರ ನೆರಳಲ್ಲೇ ಕಾಣುತ್ತವೆ. ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಬಿಚ್ಚಿಕೊಟ್ಟ ಗಟ್ಟಿಗಿತ್ತಿಯೂ ಬಡಪಾಯಿಯಂತೆ ಕಂಡರು. ಅವರಿಗೆ ನೇರ ದಾರಿಯೇ ಸರಿ.

ಖರ್ಚಾ? ಜೆರಾಕ್ಸ್, ಬಸ್ಸು, ಊಟ ಸೇರಿ ಇಪ್ಪತ್ತು ಸಾವಿರ ದಾಟಿರಬೇಕು. ಮುನ್ನೂರು ಪ್ರತಿಯ ಅಚ್ಚಿಗೆ ಹತ್ತಿರ ಹತ್ತಿರ ನಲವತ್ತು ಸಾವಿರ. ಹಳೇ ಅಚ್ಚನ್ನು ಕಂಪ್ಯೂಟರಿನಲ್ಲಿ ಓದಿಸಲು ಕೊಟ್ಟ ಮೂರು ಸಾವಿರವಂತೂ ನೀರುಪಾಲು, ಒತ್ತಕ್ಷರ ಬಂದ ಕಡೆಯೆಲ್ಲ ಕಸ. ಕಡೆಗೆ ಕೈಯಲ್ಲೇ ಟೈಪ್ ಮಾಡಿದೆ.

ಇಸವಿಯೇ ಇಲ್ಲದ ಹಳೇ ಪುಸ್ತಕದ ಪ್ರತಿ ಯಾವ ಕಾಲದ್ದೆಂದು ಹೇಗೆ ಹಿಡಿದೆ ಅಂತ ಎಲ್ಲರೂ ಕೇಳುತ್ತಾರೆ. ಹಿಂಬದಿಯ ಜಾಹೀರಾತು ಪುಟ ನೋಡಿ. ಅಲ್ಲೇನು ನೋಡಬೇಕು ಅನ್ನುವುದನ್ನು ಮುಂದಿನ ಪುಸ್ತಕ ಮುಗಿಯುವವರೆಗೆ ಹೇಳುವುದಿಲ್ಲ.