ಘಟ್ಟ ಹತ್ತುವ ಉಗಿ ಎಂಜಿನ್ನನ್ನು ಮಕ್ಕಳಿಗೆ ವಿವರಿಸುವ ಬಗೆ

ಚಿಕ್ಕಬಳ್ಳಾಪುರದ ಶಾಲೆಗಳಿಂದ ಊಟಿಗೆ ಪ್ರವಾಸ ಹೊರಡುವ ಶಿಕ್ಷಕರು ನೀಲಗಿರಿಯ ರೈಲನ್ನು ತೋರಿಸುವ ಮೊದಲು ಊರಿನಲ್ಲೇ ಒಂದು ಪಾಠ ಮಾಡುವುದು ಒಳ್ಳೆಯದು. ಎಂಜಿನ್ನಿನ ಬಿಡಿಭಾಗಗಳ ಹೆಸರುಗಳಿಂದ ಪಾಠ ಆರಂಭಿಸಬೇಡಿ, ಏರಿನ ಲೆಕ್ಕದಿಂದ ಆರಂಭಿಸಿ. ಘಟ್ಟದ ಎಂಜಿನ್ನುಗಳ ವಿಚಿತ್ರ ರೂಪವೆಲ್ಲ ಹುಟ್ಟಿದ್ದು ಆ ಲೆಕ್ಕದಿಂದಲೇ.

ರೈಲು ಹಳಿಯ ಪಕ್ಕದಲ್ಲಿ ಓರೆಯಾಗಿ ಕೈ ಚಾಚಿದ ಸಣ್ಣ ಫಲಕಗಳಿರುತ್ತವೆ. ಅದರ ಮೇಲೆ 200 ಎಂದಿದ್ದರೆ, 200 ಮೀಟರ್ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ನಂದಿ ಹಾಲ್ಟ್ ಕಡೆಗೆ ರೈಲಿನಲ್ಲಿ ಹೋಗುವಾಗ ಮಕ್ಕಳು ಕಿಟಕಿಯಿಂದಲೇ ಇವನ್ನು ಗುರುತಿಸಲಿ, ಹಳಿಗೆ ಇಳಿಯಬಾರದು.

ಅನಂತರ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿಸಿ. 1854ರಲ್ಲಿ ತೆರೆದ ಆಸ್ಟ್ರಿಯದ ಸೆಮ್ಮರಿಂಗ್ ಮಾರ್ಗದ ಕಡಿದಾದ ಏರು 40ಕ್ಕೆ 1. ಅಲ್ಲಿ ಪ್ರತಿ ಟನ್ ಭಾರವೂ 25 ಕಿಲೋದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಒಣಹಳಿಯ ಮೇಲೆ ಎಂಜಿನ್, ತನ್ನ ಚಾಲಕ ಚಕ್ರಗಳ ಮೇಲಿರುವ ಭಾರದ ಸುಮಾರು ಕಾಲುಭಾಗದಷ್ಟು ಬಲವನ್ನು ಮಾತ್ರ ಜಾರದೆ ಹಾಕಬಲ್ಲದು. ಆ ಭಾರ 40 ಟನ್ ಆದರೆ ಬಲ 10 ಟನ್. ಘರ್ಷಣೆಯನ್ನು ಬದಿಗಿಟ್ಟರೆ, ತನ್ನನ್ನೂ ಸೇರಿಸಿ 400 ಟನ್ ಒಯ್ಯಬಹುದು. ನೀಲಗಿರಿಯ 12ಕ್ಕೆ 1ರ ಏರಿನಲ್ಲಿ ಅದೇ ಎಂಜಿನ್ನಿಗೆ 120 ಟನ್ನೇ ಮಿತಿ. ಮಳೆಗೆ ಹಳಿ ನೆನೆದರೆ ಅದೂ ಇಲ್ಲ. ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರಲು ಹಳಿಗಳ ನಡುವೆ ಹಲ್ಲಿನ ಪಟ್ಟಿ ಏಕೆ ಬೇಕಾಯಿತೆಂಬುದು ಇಷ್ಟರಲ್ಲೇ ಮಕ್ಕಳಿಗೆ ಹೊಳೆಯುತ್ತದೆ.

ಬಾಯ್ಲರಿನ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ನನ್ನ ದೃಷ್ಟಿಯಲ್ಲಿ ಪಾಠದ ತಿರುಳು ಇದು. ಅರ್ಧ ನೀರು ತುಂಬಿದ ಬಾಟಲಿಯನ್ನು ಮಲಗಿಸಿ, ಒಂದು ತುದಿಯನ್ನು ಎತ್ತಿ ತೋರಿಸಿ: ನೀರು ಕೆಳಗಿನ ತುದಿಗೆ ಸರಿದು ಮೇಲಿನ ತುದಿ ಬರಿದಾಗುತ್ತದೆ. ಬಾಯ್ಲರಿನಲ್ಲಿ ಹಾಗಾಗಿ ಕುಲುಮೆಯ ಮೇಲ್ಛಾವಣಿಯ ನೀರು ಸರಿದುಹೋದರೆ, ಲೋಹ ಕಾದು ಮೆದುವಾಗಿ ಸಿಡಿಯುವ ಅಪಾಯವಿದೆ. ಆದ್ದರಿಂದಲೇ ಅಮೆರಿಕದ ಮೌಂಟ್ ವಾಷಿಂಗ್ಟನ್ (1869) ಮತ್ತು ಸ್ವಿಟ್ಜರ್ಲೆಂಡಿನ ರಿಗಿ (1871) ಬೆಟ್ಟಗಳ ಹಲ್ಲುಪಟ್ಟಿ ಮಾರ್ಗಗಳ ಮೊದಲ ಎಂಜಿನ್ನುಗಳಿಗೆ ನೆಟ್ಟಗೆ ನಿಂತ ಬಾಯ್ಲರುಗಳಿದ್ದವು; ಆಮೇಲಿನವುಗಳಲ್ಲಿ ಬಾಯ್ಲರನ್ನೇ ಓರೆಯಾಗಿ ಕೂರಿಸಿದರು.

ಪ್ರವಾಸದ ದಿನ ಮೆಟ್ಟುಪಾಳ್ಯದಲ್ಲೇ ರೈಲು ಹತ್ತಿ, ಏಕೆಂದರೆ ಹಲ್ಲುಪಟ್ಟಿಯ ಭಾಗ ಕಲ್ಲಾರಿನಿಂದ ಕುನೂರಿನವರೆಗೆ ಮಾತ್ರ ಇದೆ. ಸ್ವಿಟ್ಜರ್ಲೆಂಡಿನ ವಿಂಟರ್ಟೂರಿನಲ್ಲಿ ರೂಪುಗೊಂಡ, ಈ ಭಾಗದಲ್ಲಿ ಓಡುವ ಎಕ್ಸ್ ವರ್ಗದ ಎಂಜಿನ್ನಿನ ಒಂದೊಂದು ಬದಿಯಲ್ಲೂ ಎರಡು ಸಿಲಿಂಡರುಗಳು ಒಂದರ ಮೇಲೊಂದಿವೆ. ಕೆಳಗಿನದರಿಂದ ಹೊರಬಿದ್ದ ಉಗಿ ಏರಿನಲ್ಲಿ ಮೇಲಿನದಕ್ಕೆ ಹೋಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಬೋಗಿಗಳು ಕಳಚಿಕೊಂಡರೂ ಹಿಂದಕ್ಕೆ ಓಡದಂತೆ ಎಂಜಿನ್ ಇಳಿಜಾರಿನ ಕಡೆಯಿಂದಲೇ ತಳ್ಳುತ್ತದೆ. ಹಾಗಾಗಿ ಮಕ್ಕಳನ್ನು ಎಂಜಿನ್ನಿಗೆ ಹತ್ತಿರದ, ಅಂದರೆ ಹಿಂದಿನ ಬೋಗಿಯಲ್ಲಿ ಕೂರಿಸಿದರೆ, ಹಲ್ಲು ಹಲ್ಲಿಗೆ ಕೂಡುವ ಸದ್ದನ್ನು ಅವರು ಚೆನ್ನಾಗಿ ಕೇಳಬಹುದು.