ಉಮಾಶ್ರೀ ಅವರ ನಟನೆ ನೋಡಬೇಕು ಅಂದ್ರೆ ಎಲ್ಲಿಂದ ಶುರು ಮಾಡಬೇಕು?

ಉಮಾಶ್ರೀ ಅಂದ ತಕ್ಷಣ ಒಬ್ಬೊಬ್ಬರಿಗೆ ಒಂದೊಂದು ಮುಖ ನೆನಪಾಗುತ್ತದೆ. ಎಂಬತ್ತು, ತೊಂಬತ್ತರ ದಶಕದ ಸಿನಿಮಾ ನೋಡಿ ಬೆಳೆದವರಿಗೆ ಅವರು ಎನ್.ಎಸ್. ರಾವ್ ಜೊತೆ ಕಾಮಿಡಿ ಮಾಡುತ್ತಿದ್ದವರು. ನಾಟಕ ನೋಡುವವರಿಗೆ ‘ಒಡಲಾಳ’ದ ಸಾಕವ್ವ. ಸಂಜೆ ಟಿವಿ ಹಾಕುವವರಿಗೆ ಪುಟ್ಟಕ್ಕ. ನಡುವೆ 2013ರ ರಾಜ್ಯ ಸರ್ಕಾರದಲ್ಲಿ ಮಂತ್ರಿಯೂ ಆಗಿದ್ದರು. ಇಷ್ಟೆಲ್ಲ ಮಾಡಿದವರ ಕೆಲಸವನ್ನು ಹೊಸದಾಗಿ ನೋಡಲು ಹೊರಟರೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.

ಮೊದಲು ಒಂದು ಮಾತನ್ನು ತಲೆಯಿಂದ ತೆಗೆದುಹಾಕಿ. ‘ಕಾಮಿಡಿ ಮಾಡಿಕೊಂಡಿದ್ದವರು ಆಮೇಲೆ ಸೀರಿಯಸ್ ನಟಿ ಆದರು’ ಅಂತ ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಅವರು ನಾಟಕದಿಂದ ಬಂದವರು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಇವರೇ. ಆ ಕಥೆ ಓದಿದವರಿಗೆ ಗೊತ್ತು, ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ, ಮನೆಯವರೆಲ್ಲ ರಾತ್ರಿ ಕೂತು ಕದ್ದು ತಂದ ಕಡಲೆಕಾಯಿ ತಿಂದು ಮುಗಿಸುತ್ತಾರೆ, ಓದುತ್ತಾ ನಗು ಬರುತ್ತದೆ, ಅದರ ಹಿಂದೆಯೇ ಅವರ ಹಸಿವು ಎಷ್ಟಿತ್ತು ಅಂತ ಹೊಳೆದು ಗಂಟಲು ಕಟ್ಟುತ್ತದೆ. ನಗುವೂ ಸಂಕಟವೂ ಒಂದೇ ಗುಡಿಸಲಲ್ಲಿ ಇರುವ ಕಥೆ ಅದು. ಅಂಥ ಪಾತ್ರ ಮಾಡಿದ ನಟಿಗೆ ಕಾಮಿಡಿ ಒಂದು ಕಡೆ, ದುಃಖ ಇನ್ನೊಂದು ಕಡೆ ಅಂತ ಇರುವುದಿಲ್ಲ. ಈ ದೃಷ್ಟಿ ಇಟ್ಟುಕೊಂಡು ನೋಡಿದರೆ ಅವರ ಎಲ್ಲ ಕೆಲಸವೂ ಬೇರೆ ಥರ ಕಾಣಿಸುತ್ತದೆ.

ಹಾಗಾಗಿ ವರ್ಷದ ಲೆಕ್ಕದಲ್ಲಿ ನೋಡಲು ಹೋಗಬೇಡಿ. 2021ರ ‘ರತ್ನನ್ ಪ್ರಪಂಚ’ದಿಂದ ಶುರು ಮಾಡಿ. ರೋಹಿತ್ ಪದಕಿ ನಿರ್ದೇಶನ, ಅಮೆಜಾನ್ ಪ್ರೈಮ್‌ನಲ್ಲಿ ನೇರವಾಗಿ ಬಿಡುಗಡೆಯಾದ ಸಿನಿಮಾ. ಧನಂಜಯ ಮಾಡಿದ ರತ್ನಾಕರನಿಗೆ ಉಮಾಶ್ರೀ ತಾಯಿ ಸರೋಜ. ಬಾಯಿ ಜೋರು, ಮಗನ ಪ್ರಾಣ ಹಿಂಡುವ ತಾಯಿ. ಆ ಮಗನಿಗೆ ತಾನು ದತ್ತು ಮಗ ಅಂತ ಗೊತ್ತಾಗಿ, ಹೆತ್ತ ತಾಯಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಇದರಿಂದಲೇ ಶುರು ಮಾಡಿ ಅನ್ನಲು ಕಾರಣ ಇದೆ. ಇಲ್ಲಿ ಒಂದೇ ಪಾತ್ರದೊಳಗೆ ಎರಡೂ ಇವೆ. ಸರೋಜ ಬೈಯುವಾಗ ನೀವು ನಗುತ್ತೀರಿ, ಆದರೆ ಅವರು ನಗಿಸಲು ಬೈಯುತ್ತಿಲ್ಲ, ನಿಜಕ್ಕೂ ಸಿಟ್ಟಿನಲ್ಲೇ ಬೈಯುತ್ತಿದ್ದಾರೆ. ಒಂದು ಸಲ ಇಡೀ ಸಿನಿಮಾ ಸುಮ್ನೆ ನೋಡಿ. ಆಮೇಲೆ ಸರೋಜ ಇರುವ ದೃಶ್ಯಗಳನ್ನು ಮಾತ್ರ ಇನ್ನೊಮ್ಮೆ ಹಾಕಿಕೊಳ್ಳಿ. ಮೊದಲ ಸಲ ಕಿರಿಕಿರಿ ಅನಿಸಿದ ಮಾತುಗಳ ಕೆಳಗೆ ಮಗ ಎಲ್ಲಿ ಕೈತಪ್ಪಿ ಹೋಗುತ್ತಾನೋ ಅನ್ನುವ ಭಯ ಇತ್ತು ಅಂತ ಎರಡನೇ ಸಲ ಕಾಣುತ್ತದೆ.

ಇನ್ನು ಹಳೆಯ ಕಾಮಿಡಿ. ಕಾಶಿನಾಥ್ ಅವರ 1984ರ ‘ಅನುಭವ’ದಿಂದ ಹಿಡಿದು ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಅವರು ಮಾಡಿದ ಇಂಥ ಪಾತ್ರಗಳಿಗೆ ಲೆಕ್ಕ ಇಡುವುದು ಕಷ್ಟ. ನೇರವಾಗಿ ಹೇಳುತ್ತೇನೆ, ಅವುಗಳಲ್ಲಿ ಎಷ್ಟೋ ದೃಶ್ಯಗಳ ಬರವಣಿಗೆ ಚೆನ್ನಾಗಿಲ್ಲ. ದ್ವಂದ್ವಾರ್ಥದ ಮಾತು, ಹೆಂಗಸನ್ನು ಆಡಿಕೊಳ್ಳುವ ಮಾತು ಜಾಸ್ತಿ. ಎಲ್ಲವನ್ನೂ ಪೂರ್ತಿ ನೋಡಬೇಕು ಅಂತ ಹಟ ಬೇಡ. ಒಂದೊಂದು ಕಾಮಿಡಿ ದೃಶ್ಯ ತೆಗೆದುಕೊಳ್ಳಿ ಸಾಕು. ಆದರೆ ನೋಡುವಾಗ ಡೈಲಾಗ್ ಕಡೆ ಗಮನ ಕೊಡಬೇಡಿ, ಡೈಲಾಗ್ ಮುಗಿದ ಮೇಲೆ ಅವರು ಏನು ಮಾಡುತ್ತಾರೆ ಅಂತ ನೋಡಿ. ಎದುರಿನವರು ಮಾತಾಡುವಾಗ ಅವರ ಕಣ್ಣು ಎಲ್ಲಿದೆ, ಸೆರಗು, ಕೈ ಏನು ಮಾಡುತ್ತಿದೆ, ಉತ್ತರ ಕೊಡುವ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ. ಸೌಂಡ್ ಮ್ಯೂಟ್ ಮಾಡಿ ಒಂದು ಸಲ ನೋಡುವುದು ಇದಕ್ಕೆ ಒಳ್ಳೆಯ ಉಪಾಯ. ಮಾತು ಇಲ್ಲದೆಯೂ ದೃಶ್ಯ ಅರ್ಥವಾದರೆ, ಆ ಭಾರವನ್ನು ಹೊತ್ತಿರುವುದು ನಟಿ, ಬರಹಗಾರ ಅಲ್ಲ.

ಆ ಕಾಲದ್ದರಲ್ಲಿ ಪೂರ್ತಿ ಕೂತು ನೋಡಬೇಕಾದದ್ದು 1995ರ ‘ಪುಟ್ನಂಜ’. ಇದರಲ್ಲಿ ಅವರು ರವಿಚಂದ್ರನ್ ಅಜ್ಜಿ, ಪುಟ್ಮಲ್ಲಿ. ನಿಜ ಜೀವನದಲ್ಲಿ ಇಬ್ಬರ ವಯಸ್ಸಿನಲ್ಲಿ ಅಂಥ ದೊಡ್ಡ ಅಂತರ ಇಲ್ಲ! ಆದರೂ ತೆರೆ ಮೇಲೆ ಅಜ್ಜಿ, ಮೊಮ್ಮಗ ಅಂತಲೇ ನಂಬುತ್ತೇವೆ, ಅಲ್ವಾ? ಬಿಳಿ ಕೂದಲು, ಮೇಕಪ್ ಅಷ್ಟರಿಂದಲೇ ಈ ನಂಬಿಕೆ ಬರಲ್ಲ. ನಡಿಗೆ ನೋಡಿ, ಬೆನ್ನು ನೋಡಿ, ಮುಖ್ಯವಾಗಿ ದನಿ ಕೇಳಿ. ವಯಸ್ಸಾದವರ ದನಿ ಅಂದ್ರೆ ನಡುಗಿಸಿಬಿಡುವುದು ಅಂದುಕೊಂಡ ನಟರು ಬಹಳ. ಪುಟ್ಮಲ್ಲಿಯ ದನಿಯಲ್ಲಿ ಗತ್ತಿದೆ. ಅಜ್ಜಿ ಅಂದ್ರೆ ಬಡಪಾಯಿ ಅಲ್ಲ, ಮನೆಯ ಯಜಮಾನಿ ಅನ್ನುವುದು ಆ ದನಿಯಲ್ಲೇ ಗೊತ್ತಾಗಿಬಿಡುತ್ತದೆ.

ಈಗ ‘ಗುಲಾಬಿ ಟಾಕೀಸ್’. ಇದಕ್ಕೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ, ಫೋನ್ ಪಕ್ಕಕ್ಕಿಡಿ, ಮಧ್ಯೆ ನಿಲ್ಲಿಸಬೇಡಿ. ಗಿರೀಶ್ ಕಾಸರವಳ್ಳಿ ನಿರ್ದೇಶನ, ವೈದೇಹಿ ಅವರ ಕಥೆಯಿಂದ ಹುಟ್ಟಿದ ಚಿತ್ರ, 2008ರಲ್ಲಿ ಬಿಡುಗಡೆಯಾಯಿತು. ಉಮಾಶ್ರೀ ಅವರಿಗೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ತಂದುಕೊಟ್ಟದ್ದು ಇದೇ. ಗುಲಾಬಿ ಕರಾವಳಿಯ ಮೀನುಗಾರರ ಊರಿನಲ್ಲಿ ಸೂಲಗಿತ್ತಿ, ಮುಸ್ಲಿಂ ಹೆಂಗಸು. ಗಂಡ ಮೂಸ ಇವಳನ್ನು ಬಿಟ್ಟು ಎರಡನೇ ಹೆಂಡತಿ ಜೊತೆ ಇದ್ದಾನೆ. ಇವಳಿಗೆ ಇರುವ ಒಂದೇ ಆಸೆ ಸಿನಿಮಾ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಶ್ರೀಮಂತರ ಮನೆಯವರು ಡಿಶ್ ಸಮೇತ ಟಿವಿ ಕೊಡುತ್ತಾರೆ, ಗಂಡಸರು ಕಡಲಿಗೆ ಹೋದಾಗ ಊರ ಹೆಂಗಸರು ಇವಳ ಮನೆಗೆ ಬಂದು ಕೂರಲು ಶುರು ಮಾಡುತ್ತಾರೆ, ಸುತ್ತಲಿನ ರಾಜಕೀಯ, ಧರ್ಮದ ಜಗಳ ಬೆಳೆದ ಹಾಗೆ ಅದೇ ಮನೆ ಅನುಮಾನದ ಜಾಗ ಆಗಿಬಿಡುತ್ತದೆ.

ಇದರಲ್ಲಿ ಏನು ನೋಡಬೇಕು? ಕಾಮಿಡಿ ದೃಶ್ಯಗಳಲ್ಲಿ ನೀವು ಈಗಾಗಲೇ ಗುರುತಿಸಿದ್ದನ್ನೇ ಇಲ್ಲಿ ಹುಡುಕಿ. ಆ ಚುರುಕು, ಮಾತಿನ ಟೈಮಿಂಗ್, ಮುಖದ ಆಟ ಎಲ್ಲ ಇದೆ. ಆದರೆ ಕೈಗೆಟುಕುವ ಹತ್ತು ಮಾತಲ್ಲಿ ಒಂದನ್ನು ಮಾತ್ರ ಆಡಿ ಉಳಿದದ್ದನ್ನು ಒಳಗೇ ಇಟ್ಟುಕೊಂಡಿದ್ದಾರೆ. ಗುಲಾಬಿ ತೆರೆಯ ಕಡೆ ನೋಡುವ ದೃಶ್ಯಗಳನ್ನು ತಪ್ಪಿಸಬೇಡಿ. ಸಿನಿಮಾ ನೋಡುವ ಹೆಂಗಸಿನ ಮುಖವನ್ನು ನಾವು ನೋಡುತ್ತಿರುತ್ತೇವೆ, ಅಲ್ಲಿ ಅವಳಿಗೆ ಮಾತೇ ಇಲ್ಲ, ಸುಖ ಮಾತ್ರ ಇದೆ. ಸುಖವನ್ನು ನಟಿಸುವುದು ಅಳುವುದಕ್ಕಿಂತ ಕಷ್ಟ ಅಂತ ನನ್ನ ನಂಬಿಕೆ. ಗುಲಾಬಿಯ ಸುಖ ನಮಗೆ ಮುಟ್ಟಿದ್ದರಿಂದಲೇ ಅದು ಕಿತ್ತುಹೋದಾಗ ಅಷ್ಟು ನೋವಾಗುತ್ತದೆ.

ಅದರ ಬೆನ್ನಿಗೇ 2010ರ ‘ಕನಸೆಂಬೋ ಕುದುರೆಯನೇರಿ’ ನೋಡಿ. ಮತ್ತೆ ಕಾಸರವಳ್ಳಿ, ಅಮರೇಶ ನುಗಡೋಣಿ ಅವರ ಕಥೆ. ಗೋರಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ, ಹೆಂಡತಿ ರುದ್ರಿಯಾಗಿ ಉಮಾಶ್ರೀ. ಬಿರಾದಾರ ಅಂದ್ರೆ ಭಿಕ್ಷುಕ, ಕುಡುಕ ಅಂತ ಚಿಕ್ಕ ಕಾಮಿಡಿ ಪಾತ್ರಗಳಲ್ಲೇ ನಾವು ಕಂಡವರು. ನಗಿಸುವುದಕ್ಕೆ ಅಂತಲೇ ಚಿತ್ರರಂಗ ಎತ್ತಿಟ್ಟಿದ್ದ ಇಬ್ಬರನ್ನು ಒಂದೇ ಗುಡಿಸಲಲ್ಲಿ ಗಂಡ ಹೆಂಡತಿಯಾಗಿ ಕೂರಿಸಿದ್ದು ನನಗೆ ಬಹಳ ಇಷ್ಟವಾದ ವಿಷಯ. ಈರ್ಯನಿಗೆ ಕನಸಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಆಗುತ್ತದೆ ಅಂತ ನಂಬಿಕೆ. ಕೆಲಸ ಸಿಗುವುದು ಯಾರಾದರೂ ಸತ್ತಾಗ. ಇಂಥ ಬದುಕಿನಲ್ಲಿ ಗಂಡ ಹೆಂಡತಿ ಆಡುವ ಮಾತುಗಳಲ್ಲಿ ಒಂದು ತಮಾಷೆಯೂ ಇರುತ್ತದೆ, ಅದನ್ನು ಇಬ್ಬರೂ ಒಂಚೂರೂ ಒತ್ತಿ ಹೇಳುವುದಿಲ್ಲ.

ಕೊನೆಗೆ ಧಾರಾವಾಹಿ. ಇಲ್ಲಿ ನೋಡುವ ಕ್ರಮವೇ ಬೇರೆ. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ನೂರಾರು ಎಪಿಸೋಡ್ ಓಡಿದೆ, ಎಲ್ಲವನ್ನೂ ನೋಡುತ್ತೇನೆ ಅಂತ ಕೂತರೆ ಸೋತುಹೋಗುತ್ತೀರಿ. ಶುರುವಿನ ಎರಡು ಮೂರು ವಾರದ ಎಪಿಸೋಡ್‌ಗಳನ್ನು ಬಿಡದೆ ನೋಡಿ, ಆಮೇಲೆ ಮನಸ್ಸಿಗೆ ಬಂದಲ್ಲಿ ನಿಲ್ಲಿಸಿ. ಮೂರು ಹೆಣ್ಣುಮಕ್ಕಳ ತಾಯಿ ಪುಟ್ಟಕ್ಕ, ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಗಮನಿಸಿದಿರಾ? ಗುಲಾಬಿಯ ಗಂಡನೂ ಹೀಗೇ ಬಿಟ್ಟುಹೋದವನು. ಹೆಚ್ಚುಕಡಿಮೆ ಒಂದೇ ಗಾಯ ಇರುವ ಇಬ್ಬರು ಹೆಂಗಸರನ್ನು ಒಬ್ಬರೇ ನಟಿ ಸಿನಿಮಾದಲ್ಲಿ ಒಂದು ಥರ, ಟಿವಿಯಲ್ಲಿ ಇನ್ನೊಂದು ಥರ ಮಾಡಿದ್ದಾರೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲ್ಲ.

ಹೋಲಿಸುವಾಗ ಧಾರಾವಾಹಿಗೆ ಅನ್ಯಾಯ ಮಾಡಬೇಡಿ. ಕಾಸರವಳ್ಳಿ ಅವರ ಕ್ಯಾಮೆರಾ ದೂರ ನಿಂತು ಕಾಯುತ್ತದೆ. ಧಾರಾವಾಹಿಯ ಕ್ಯಾಮೆರಾ ಮುಖದ ಮೇಲೇ ಇರುತ್ತದೆ, ಪ್ರತಿ ಮಾತಿಗೂ ರಿಯಾಕ್ಷನ್ ಬೇಕು, ಹಿಂದೆ ಜೋರು ಮ್ಯೂಸಿಕ್, ಅಡುಗೆಮನೆಯಿಂದ ಕೇಳಿಸಿಕೊಳ್ಳುವವರಿಗೂ ಅರ್ಥ ಆಗಬೇಕು, ದಿನಾ ಶೂಟಿಂಗ್ ಬೇರೆ. ಅಲ್ಲಿ ಗುಲಾಬಿಯ ಹಾಗೆ ಎಲ್ಲವನ್ನೂ ಒಳಗಿಟ್ಟುಕೊಂಡರೆ ಯಾರಿಗೂ ಮುಟ್ಟಲ್ಲ. ಪುಟ್ಟಕ್ಕನ ಮಂಡ್ಯ ಕಡೆಯ ಮಾತು, ಏರುದನಿಯ ಅಳು, ಮಕ್ಕಳ ಜೊತೆಗಿನ ತಮಾಷೆ ಎಲ್ಲವೂ ಆ ಜಾಗಕ್ಕೆ ತಕ್ಕ ಅಳತೆಯಲ್ಲಿವೆ. ಮ್ಯೂಸಿಕ್ ಇಲ್ಲದ ಸಾದಾ ದೃಶ್ಯಗಳನ್ನು ಹುಡುಕಿ, ಮಕ್ಕಳಿಗೆ ಬುದ್ಧಿ ಹೇಳುವುದು, ಮೆಸ್ಸಿನ ಕೆಲಸ ಮಾಡುತ್ತಾ ಮಾತಾಡುವುದು, ಅಂಥವು. ನಟಿಯ ಕೈ ನಿಜವಾಗಿ ಕಾಣುವುದು ಅಲ್ಲಿ.

ಭಾಷೆಯ ಬಗ್ಗೆಯೂ ಹೇಳಲೇಬೇಕು. ಗುಲಾಬಿಯದು ಕರಾವಳಿ ಕಡೆಯ ಕನ್ನಡ, ರುದ್ರಿಯದು ಉತ್ತರ ಕರ್ನಾಟಕದ್ದು, ಪುಟ್ಟಕ್ಕನದು ಮಂಡ್ಯದ್ದು. ಮೂರರಿಂದ ಒಂದೊಂದು ದೃಶ್ಯ ತೆಗೆದು, ಈ ಸಲ ಕಣ್ಣು ಮುಚ್ಚಿ ಬರೀ ದನಿ ಕೇಳಿ. ಪದಗಳ ಜೊತೆಗೆ ಉಸಿರು ಎಲ್ಲಿ ನಿಲ್ಲುತ್ತದೆ ಅನ್ನುವುದೂ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಎಲ್ಲಿ ಸರಿ ಇದೆ, ಎಲ್ಲಿ ಸ್ವಲ್ಪ ಆಚೀಚೆ ಆಗಿದೆ ಅಂತ ನಿಮಗಿಂತ ಚೆನ್ನಾಗಿ ಅವರು ಹೇಳುತ್ತಾರೆ.