ಕೊಂಡಿ ತೋರಿಸಿ ಸೀರೆ ಮಾರಿದ್ದು

ಇಳಕಲ್ ಸೀರೆಯನ್ನು ಫೋನಿನಲ್ಲಿ ನೋಡಿ ಯಾರು ಕೊಳ್ಳುತ್ತಾರೆ, ಸೆರಗು ಮುಟ್ಟಿ ನೋಡದೆ ನಮ್ಮ ಹೆಣ್ಣುಮಕ್ಕಳು ದುಡ್ಡು ಬಿಚ್ಚುವುದಿಲ್ಲ ಎಂದು ಕಾಕಾ ಹೇಳುತ್ತಲೇ ಇದ್ದರು. ಓಣಿಯ ನೇಕಾರರದೂ ಅದೇ ಮಾತು. ಈಗ ನಮ್ಮ ವ್ಯಾಪಾರದ ಹೆಚ್ಚುಕಡಿಮೆ ಅರ್ಧ ವಾಟ್ಸ್‌ಆ್ಯಪ್‌ನಿಂದ ಬರುತ್ತಿದೆ; ಶ್ರಾವಣದಲ್ಲಿ ಇನ್ನೂ ತುಸು ಹೆಚ್ಚು.

ಮೊದಲು ದುಡ್ಡು ಸುರಿದದ್ದು ಇನ್‌ಸ್ಟಾಗ್ರಾಮ್ ಜಾಹೀರಾತಿಗೆ. 2020ರಲ್ಲಿ ಟಿಕ್‌ಟಾಕ್ ನಿಷೇಧವಾಗಿ ರೀಲ್ಸ್ ಬಂದ ಹೊಸತು, ಊರೆಲ್ಲ ಅತ್ತ ಹೊರಟಿತ್ತು. ಹದಿನೈದು ಹದಿನಾರು ಸಾವಿರ ಹೋಗಿರಬೇಕು. ಲೈಕ್ ಒತ್ತಿದವರಲ್ಲಿ ಮುಕ್ಕಾಲು ಪಾಲು ಹುಡುಗರು, ಅವರೇನು ಸೀರೆ ಉಡುತ್ತಾರೆಯೇ? ಬಂದ ಆರ್ಡರುಗಳು ಸೀರೆ ಮುಟ್ಟಿದ ಮೇಲೆ ಹಣ ಕೊಡುವಂಥವು. ಹತ್ತರಲ್ಲಿ ಮೂರೋ ನಾಲ್ಕೋ ವಾಪಸು. ಕೊರಿಯರ್ ಖರ್ಚು ಹೋಗುವಾಗಲೂ ನಮ್ಮದು, ಬರುವಾಗಲೂ ನಮ್ಮದು. ಮಡಿಕೆ ಕೆಟ್ಟ ಸೀರೆಗೆ ಇಸ್ತ್ರಿ ಬೇರೆ.

ಅದನ್ನು ನಿಲ್ಲಿಸಿ ಐನೂರು ಮುಂಗಡ ಯುಪಿಐನಲ್ಲಿ ಎಂದೆ. ಗಿರಾಕಿ ಓಡಿಹೋಗುತ್ತಾರೆ ಎಂದರು ಕಾಕಾ. ಹೋದವರು ಹೋಗಲಿ, ಉಳಿದವರಲ್ಲಿ ಸೀರೆ ತಿರುಗಿಸಿದವರು ಇಲ್ಲವೆನ್ನುವಷ್ಟು ಕಡಿಮೆ.

ನಿಜವಾಗಿ ಕೆಲಸ ಮಾಡಿದ್ದು ಸೀರೆಯ ಹಿಂಬದಿ. ಗಿರಾಕಿಗೆ ಇರುವ ಅನುಮಾನ ಒಂದೇ, ಇದು ಕೈಮಗ್ಗದ್ದಲ್ಲ, ಪವರ್‌ಲೂಮಿನದೋ ಏನೋ ಎಂದು. ಹಾಗಾಗಿ ಮಾಡೆಲ್, ಹಾಡು ಎಲ್ಲ ಬಿಟ್ಟೆ. ಸೀರೆ ಮಗುಚಿ, ಒಡಲಿನ ಉದ್ದೆಳೆಗಳನ್ನು ಸೆರಗಿನ ಉದ್ದೆಳೆಗಳಿಗೆ ನೇಕಾರರು ಕೈಯಿಂದ ಕೊಂಡಿ ಹಾಕಿ ಕೂಡಿಸಿದ ಜಾಗದ ಮೇಲೆ ಬೆರಳಾಡಿಸುತ್ತ ಅರ್ಧ ನಿಮಿಷದ ವಿಡಿಯೊ ತೆಗೆದೆ. ಬೆಳಕು ಕಿಟಕಿಯದು ಮಾತ್ರ. ಟ್ಯೂಬ್‌ಲೈಟಿನ ಕೆಳಗೆ ದಾಳಿಂಬೆ ಬಣ್ಣ ಕಂದಾಗಿ ಕಾಣುತ್ತದೆ, ಆಮೇಲೆ ಜಗಳ. ಅದೇ ವಿಡಿಯೊಗೆ ಮರಾಠಿಯಲ್ಲಿ ಎರಡು ಸಾಲು ಸೇರಿಸಿದ ಮೇಲೆ ಸೊಲ್ಲಾಪುರ, ಕೊಲ್ಲಾಪುರದ ಕಡೆಯಿಂದಲೂ ಕೇಳತೊಡಗಿದರು.

ನಡುವೆ ಎಐ ಚಿತ್ರಗಳ ಹುಚ್ಚು ಹತ್ತಿತು. ನಮ್ಮ ಸೀರೆಯ ಫೋಟೊ ಕೊಟ್ಟರೆ ಅದನ್ನುಟ್ಟ ಹೆಣ್ಣನ್ನು ತಯಾರಿಸಿಕೊಟ್ಟಿತು, ಚೆಂದವಾಗಿಯೇ. ಆದರೆ ಇಳಕಲ್ ಸೀರೆಯ ತೋಪ್ ತೆನಿ ಎಂಬ ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಇರಬೇಕಷ್ಟೇ? ಅದು ಒಂದು ಸಲ ಎರಡು ಕೆಂಪು ಹಾಕಿತು, ಇನ್ನೊಂದು ಸಲ ಮಾವಿನಕಾಯಿ ಬುಟ್ಟಾ ತುಂಬಿತು. ಬಾಗಲಕೋಟೆಯ ಅಕ್ಕ ಒಬ್ಬರು ನೋಡಿ, ‘ಇದು ಯಾವ ಊರಿನ ಸೀರೆ?’ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು.

ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಮ್ಮ ನಂಬರು ಉಳಿಸಿಕೊಂಡವರಿಗಷ್ಟೇ ಮುಟ್ಟುತ್ತದೆ. ಉಳಿಸಿಕೊಳ್ಳುವಂತೆ ಮಾಡುವುದೇ ಕಷ್ಟ. ನಾನು ಪಾರ್ಸೆಲ್ಲಿನಲ್ಲಿ ಒಂದು ಚೀಟಿ ಇಡುತ್ತೇನೆ: ನಂಬರು ಉಳಿಸಿಕೊಂಡರೆ ಆ ಸೀರೆಗೆ ಒಪ್ಪುವ ಗುಳೇದಗುಡ್ಡದ ಖಣಗಳ (ಕುಪ್ಪಸದ ಬಟ್ಟೆಗಳ) ಫೋಟೊ ಕಳಿಸುತ್ತೇನೆಂದು. ಖಣದಲ್ಲಿ ಲಾಭ ಅಷ್ಟಕ್ಕಷ್ಟೇ, ಆದರೆ ಖಣ ಕೊಂಡವರು ವರ್ಷದೊಳಗೆ ಇನ್ನೊಂದು ಸೀರೆಗೆ ಬರುತ್ತಾರೆ.

ಸ್ಟೇಟಸ್ ಎಷ್ಟು ಹೊತ್ತಿಗೆ ಹಾಕುತ್ತೇನೆ ಎಂದು ಮಾತ್ರ ಕೇಳಬೇಡಿ. ನಮ್ಮ ಬಜಾರಿನಲ್ಲಿ ಇನ್ನೂ ಬೇಕಾದಷ್ಟು ಸೀರೆ ಅಂಗಡಿಗಳಿವೆ.